ಬೂದೆಪ್ಪ ಎರ್ರಗುಟ್ಟ ಏರಿದ್ದು

ಎಲ್ಲಕ್ಕೂ ಮೂಲ ವಾಟ್ಸಾಪಿನಲ್ಲಿ ಬಂದ ಒಂದು ಸಾಲು.

ಪಟಾನ್‌ಚೆರು ಕಡೆಯ ಕೇಂದ್ರ ಸರ್ಕಾರಿ ಕಾರ್ಖಾನೆಯೊಂದರ ಕಾಲೊನಿಯಲ್ಲಿ ಕನ್ನಡದವರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದಾರೆ. ಆ ಬಳಗ ಭಾನುವಾರ ವಿಕಾರಾಬಾದಿನ ಆಚೆಗಿನ ಎರ್ರಗುಟ್ಟಕ್ಕೆ ಚಾರಣ ಹೊರಡುವುದೆಂದು ಗೊತ್ತಾಗಿತ್ತು. ಕೆಂಪು ಕಲ್ಲಿನ ಕಡಿದಾದ ಗುಡ್ಡ, ತುದಿಯಿಂದ ನೋಡಿದರೆ ಕಣ್ಣು ಹರಿಯುವಷ್ಟು ದೂರ ಕಾಡು, ಕೆರೆ. ಮಕ್ಕಳು ಮರಿ, ಅಜ್ಜ ಅಜ್ಜಿ ಎಲ್ಲರೂ ಬರಬಹುದು, ಜೊತೆಗೆ ಗೈಡ್ ಇರುತ್ತಾರೆ ಎಂದು ಬಳಗದ ಕಾರ್ಯದರ್ಶಿ ರಾಮಕೃಷ್ಣ ಮೊದಲೇ ಸಾರಿದ್ದರು. ಶನಿವಾರ ಸಂಜೆ ಅವರೇ ಯಾರಿಗೆ ಯಾವ ಕೆಲಸವೆಂದು ಬರೆದು ಹಾಕಿದರು. ಚಿತ್ರಾನ್ನ ತಮ್ಮ ಹೆಂಡತಿ ಸುಭದ್ರಾ, ಚಪಾತಿ ಪಲ್ಯ ರೇಣುಕಾ, ಫೋಟೊ ಚಂದ್ರಹಾಸ. ಕಡೆಗೆ ಕೈಮುಗಿದ ಚಿತ್ರದೊಂದಿಗೆ ಈ ಸಾಲು: ‘ಬಸ್ಸಿನಲ್ಲಿ ಕೂತು ಬುತ್ತಿ, ಸಾಮಾನು ನೋಡಿಕೊಳ್ಳುವುದು ಎಂದಿನಂತೆ ನಮ್ಮ ಬೂದೆಪ್ಪನವರು.’

ಬೂದೆಪ್ಪನವರಿಗೆ ಮೈಯೆಲ್ಲ ಉರಿದದ್ದು ಆ ‘ಎಂದಿನಂತೆ’ಗೆ. ಚಹಾದ ಕಪ್ಪನ್ನು ಕುಕ್ಕಿದರು, ಕನ್ನಡಕ ಏರಿಸಿ ಇನ್ನೊಮ್ಮೆ ಓದಿದರು, ಆಮೇಲೆ ಗುಂಪಿನಿಂದಲೇ ಹೊರಬಿದ್ದರು.

ಅಡುಗೆಮನೆಯಲ್ಲಿ ಫೋನ್ ನೋಡುತ್ತಿದ್ದ ಹೆಂಡತಿ ರೇಣುಕಾ ಹೊರಗೆ ಬಂದರು. “ಏನ್ರಿ, ಗ್ರೂಪ್ ಬಿಟ್ಟೀರಂತ? ಸಣ್ಣ ಹುಡುಗರಂಗ?”

“ಬಿಟ್ಟೀನಿ. ಏನೀಗ? ನನಗ ಒಂದು ಮಾತು ಕೇಳ್ಯಾರ? ಬೂದೆಪ್ಪ ಅಂದ್ರ ಬೀಗ ಅಂತ ತಿಳ್ಕೊಂಡಾರೇನು, ಎಲ್ಲಿ ಬೇಕಲ್ಲಿ ಜಡಿಯಾಕ?”

ಅವರ ಸಿಟ್ಟಿಗೂ ಕಾರಣವಿತ್ತು. ನಮ್ಮ ಜನ ಗುಂಪು ಕಟ್ಟಿಕೊಂಡು ಎಲ್ಲಿಗೆ ಹೋದರೂ ಒಬ್ಬನನ್ನು ಸಾಮಾನಿನ ಹತ್ತಿರ ಕೂರಿಸದೆ ಹೋಗುವುದಿಲ್ಲ. ಆ ಒಬ್ಬ ಯಾವಾಗಲೂ ಬೂದೆಪ್ಪನವರೇ. ಸುರಪುರದ ಕಡೆಯಿಂದ ಈ ಊರಿಗೆ ಬಂದು ತಲೆಗೂದಲು ಬೆಳ್ಳಗಾಯಿತು. ಗೋಲ್ಕೊಂಡ ಕೋಟೆಯನ್ನು ಎಷ್ಟೋ ಸಲ ನೋಡಿದ್ದಾರೆ, ಪ್ರತಿ ಸಲವೂ ಹೊರಗಿನಿಂದ. ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಗಡಿಯಾರದ ಚಂದವನ್ನು ಒಳಗೆ ಹೋಗಿ ಬಂದವರ ಬಾಯಲ್ಲಿ ಕೇಳಿದ್ದಾರೆ. ಹಂಪಿಯಲ್ಲಿ ಒಂದಿಡೀ ಹಗಲು ಬಳಗದ ಚಪ್ಪಲಿಗಳ ನಡುವೆ ಕಳೆದಿದ್ದಾರೆ. ತಮ್ಮ ಮದುವೆಯ ದಿನ ಕೂಡ ಅಕ್ಷತೆ ಬೀಳುವ ತನಕ ಬೀಗರ ಟ್ರಂಕಿನ ಮೇಲೆ ಒಂದು ಕಣ್ಣಿಟ್ಟಿದ್ದರೆಂದು ರೇಣುಕಾ ಈಗಲೂ ಹೇಳುತ್ತಾರೆ. ಕಾರ್ಖಾನೆಯಲ್ಲಿ ಅವರ ಕೆಲಸವೂ ಉಗ್ರಾಣದಲ್ಲೇ. ಮನುಷ್ಯ ನಂಬಿಗಸ್ಥ, ಅಲ್ಲಾಡುವುದಿಲ್ಲ, ಚೀಲ ಕಳೆಯುವುದಿಲ್ಲ. ಇಂಥ ಒಳ್ಳೆಯ ಗುಣಗಳಿದ್ದವನನ್ನು ಲೋಕ ಸುಮ್ಮನೆ ಬಿಡುತ್ತದೆಯೇ?

ಈ ಸಲ ಅವರು ಹಟ ಹಿಡಿದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ದಸರೆಗೆ ಬಳಗ ಅಜಂತಾಕ್ಕೆ ಹೋಗುವುದಿತ್ತು. ಕನ್ನಡ ಶಾಲೆಯ ಪುಸ್ತಕದಲ್ಲಿ ಕೈಯಲ್ಲಿ ಕಮಲ ಹಿಡಿದು ಕಣ್ಣು ತಗ್ಗಿಸಿದ ಬೋಧಿಸತ್ವನ ಚಿತ್ರವೊಂದಿತ್ತು. ಹುಡುಗ ಬೂದೆಪ್ಪ ಅದನ್ನು ನೋಡಿ ನೋಡಿ ಆ ಪುಟವೇ ಕಿತ್ತು ಬಂದಿತ್ತು. ಆ ಗುಹೆಯ ಕತ್ತಲಲ್ಲಿ ಅವನೆದುರು ಒಮ್ಮೆ ನಿಲ್ಲಬೇಕೆಂಬ ಆಸೆಯನ್ನು ಅವರು ಯಾರ ಮುಂದೆಯೂ ಆಡಿದವರಲ್ಲ. ಅಲ್ಲಿಗೆ ಹೋಗಿಯೂ ಟಿಕೆಟ್ ಕಟ್ಟೆಯ ಪಕ್ಕ ಬಳಗದ ಕೈಚೀಲಗಳ ನಡುವೆ ಕೂತು ಬಂದರೆ? ಹಾಗೆ ಆಗಕೂಡದು. ಈ ಸಾಮಾನಿನ ಶನಿಯನ್ನು ಎರ್ರಗುಟ್ಟದ ಮೇಲೇ ಕಳೆದುಕೊಂಡು ಬರಬೇಕೆಂದು ಬೂದೆಪ್ಪ ನಿರ್ಧರಿಸಿದರು.

ಭಾನುವಾರ ಬೆಳಗ್ಗೆ ಬಸ್ಸು ಹತ್ತಿದವರೇ ಸೀಟು ಹಿಡಿಯದೆ ನಡುವೆ ನಿಂತರು. ಕಾಲಲ್ಲಿ ಕಾರ್ಖಾನೆಯಲ್ಲಿ ಕೊಟ್ಟ ಸೇಫ್ಟಿ ಬೂಟು. ಮುಂಗಾಲಿಗೆ ಉಕ್ಕಿನ ಟೋಪಿ ಇರುವ ಆ ಬೂಟುಗಳು ಒಂದೊಂದೂ ರುಬ್ಬುಗುಂಡಿನಷ್ಟು ಭಾರ.

“ರಾಮಕೃಷ್ಣರ, ಇವತ್ತ ನಾ ಬಸ್ಸಿನಾಗ ಕುಂಡರಾಂಗಿಲ್ಲ. ಗುಟ್ಟ ಏರತೀನಿ.”

ಮೈಸೂರಿನ ರಾಮಕೃಷ್ಣ ಮೆತ್ತಗಿನ ದನಿಯ ಮನುಷ್ಯ. ಆ ದನಿಯಲ್ಲಿ ಏನು ಹೇಳಿದರೂ ಉಪಕಾರ ಮಾಡಿದಂತೆ ಕೇಳುತ್ತದೆ. “ಅಯ್ಯೋ ಬೂದೆಪ್ಪನವ್ರೇ, ನಿಮ್ಮ ಅನುಕೂಲಕ್ಕೇ ಅಲ್ವೇ ಹಾಕಿದ್ದು? ಬಿಸಿಲು ನೋಡಿ ಹೇಗಿದೆ. ನಿಮ್ಮ ವಯಸ್ಸು, ತೂಕ...”

“ನನ್ನ ತೂಕ ಗುಟ್ಟ ಹೊರತೈತಿ. ನಿಮ್ಮ ತಲಿಮ್ಯಾಲೆ ಏನ್ ಕುಂಡ್ರಾಂಗಿಲ್ಲ.”

ಬಸ್ಸಿನಲ್ಲಿ ನಗೆ ಎದ್ದಿತು. ರಾಮಕೃಷ್ಣರೂ ನಕ್ಕರು. “ಸರಿ ಸರಿ. ಆದ್ರೆ ಯಾರಾದ್ರೂ ಒಬ್ರು ಸಾಮಾನು ನೋಡ್ಕೋಬೇಕಲ್ಲ?”

“ಅದಕ್ಕೂ ನಾನs ನ್ಯಾಯ ಹೇಳ್ತೀನಿ. ಇವತ್ತ ಎಲ್ಲಾರಕಿಂತ ಕಡೀಕ ಯಾರು ತುದಿ ಮುಟ್ಟತಾರೋ, ಅವರು ಇನ್ನ ಮುಂದ ಬಳಗದ ಸಾಮಾನು ಕಾಯಬೇಕು. ಅಜಂತಾದಾಗೂ ಅವರs. ಮುಟ್ಟಲಾರದ ತಿರುಗಿದವರು ಇದ್ರ, ಅವರವರs ಪಾಳಿ ಹಚ್ಚಿ ಕಾಯ್ರಿ. ನಾ ಸೋತ್ರ ನಾ ಕಾಯ್ತೀನಿ, ಹೂಂ ಅನ್ನಂಗಿಲ್ಲ ಚೂಂ ಅನ್ನಂಗಿಲ್ಲ.”

ಹಿಂದಿನ ಸೀಟಿನಲ್ಲಿ ಟೋಪಿ, ಕೋಲು, ಹೊಸ ಬೂಟು, ಕ್ಯಾಮೆರಾ ಎಲ್ಲ ತೊಟ್ಟು ಕೂತಿದ್ದ ಮಂಗಳೂರಿನ ಚಂದ್ರಹಾಸ ಕೇಳಿದರು, “ಹೇಗೆ ಮುಟ್ಟಿದರೂ ಆಗ್ತದಾ ಮಾರಾಯ್ರೆ?”

“ಹೆಂಗರ ಮುಟ್ರಿ! ಓಡ್ಕೊಂತ ಬರ್ರಿ, ಅಂಬೆಗಾಲಿಟ್ಟು ಬರ್ರಿ, ಕತ್ತೆ ಮ್ಯಾಲೆ ಕುಂತು ಬರ್ರಿ. ಕಡೀಕ ಬಂದವ ಕಾಯಬೇಕು, ಅಷ್ಟs. ಮಾತು ಅಂದ್ರ ಮಾತು!”

ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು. ಬೂದೆಪ್ಪನವರ ಅತ್ತೆ ಗಂಗಾಬಾಯಿಯನ್ನು ಮಾತ್ರ ಈ ಪಂದ್ಯದಿಂದ ಹೊರಗಿಡಲಾಯಿತು. ಮೊಣಕಾಲು ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ ಮುದುಕಿ, “ನಾ ಅಂತೂ ಏರಾಕಿ ಅಲ್ಲ. ಬುತ್ತಿ ಕೂಡ ನಾ ಕುಂಡರ್ತೀನಿ, ನೀವು ಆಡಿಬರ್ರಿ” ಎಂದುಬಿಟ್ಟರು.

“ಇನ್ನೊಂದು ಮಾತು,” ಬೂದೆಪ್ಪ ಬೆರಳೆತ್ತಿದರು. “ಇವತ್ತ ಇಡೀ ದಿನ ನನ್ನ ಮುಂದ ಬಸ್ಸಿನ ಹೆಸರು ಎತ್ತಬಾರದು. ಏರೋ ಮುಂದ ‘ಬಸ್ಸಿಗೆ ಹೋಗಿ ಕುಂಡರ್ರಿ’ ಅಂತ ಯಾರರ ಅಂದ್ರ, ಅಲ್ಲೇ ನಾ ಬಳಗಕ್ಕ ರಾಜೀನಾಮೆ ಕೊಡ್ತೀನಿ!”

ಹೀಗೆ ತಮ್ಮ ಕೊರಳಿಗೆ ತಾವೇ ಹಗ್ಗ ಹೊಸೆದು ಬೂದೆಪ್ಪ ತೃಪ್ತಿಯಿಂದ ಕೂತರು.

ಗುಡ್ಡದ ಬುಡ ಮುಟ್ಟುವಾಗ ಹೊತ್ತು ಏರಿತ್ತು. ನಡುವೆ ಉಪ್ಪಿಟ್ಟಿಗೆಂದು ನಿಲ್ಲಿಸಿದ್ದು, ಉಪ್ಪಿಟ್ಟಾದ ಮೇಲೆ ಚಹಾ ಬಂದಿದ್ದು, ಚಹಾ ಆದ ಮೇಲೆ ಯಾರದೋ ಮಗು ಮತ್ತೆ ಉಪ್ಪಿಟ್ಟು ಕೇಳಿದ್ದು ಎಲ್ಲ ಸೇರಿ ತಂಪು ಹೊತ್ತೆಲ್ಲ ಕಳೆದುಹೋಗಿತ್ತು. ಶಿವರಾತ್ರಿ ಮುಗಿದ ಮೇಲಿನ ತೆಲಂಗಾಣದ ಬಿಸಿಲು. ಕೆಂಪು ಕಲ್ಲಿನ ಗೋಡೆ ಒಲೆಯ ಮೇಲಿಟ್ಟ ಹಂಚಿನ ಹಾಗೆ ಕಾಯುತ್ತಿತ್ತು.

ಗೈಡ್ ನಿರೀಕ್ಷಾ ಅಲ್ಲೇ ಕಾದಿದ್ದಳು. ವಾರವೆಲ್ಲ ಮಾದಾಪುರದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಭಾನುವಾರ ಜನರನ್ನು ಗುಡ್ಡ ಹತ್ತಿಸುವ ಹುಡುಗಿ. ಅಪ್ಪ ಅಮ್ಮ ಧಾರವಾಡದವರಾದರೂ ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲಿ. ಹಾಗಾಗಿ ಅವಳ ಕನ್ನಡದಲ್ಲಿ ಮೂರು ಭಾಷೆಗಳು ಒಂದೇ ಆಟೋದಲ್ಲಿ ಕೂತಿರುತ್ತವೆ.

“ಎಲ್ರೂ ಜರ ಇಲ್ಲಿ ಕೇಳಿ. ಪೂರಾ ಪ್ಲಾನ್ ಹೇಳ್ತೀನಿ. ಮೊದಲು ಹುಣಸೆಮರ ತನಕ. ಅಲ್ಲಿ...” ಎಂದು ಅವಳು ಶುರು ಮಾಡುವಷ್ಟರಲ್ಲಿ ಬೂದೆಪ್ಪನವರ ಬೂಟು ಧಡಲ್ ಧಡಲ್ ಎಂದು ಏರುಹಾದಿ ಹಿಡಿದಾಗಿತ್ತು. ಗುಡ್ಡ ಏರಲು ಪ್ಲಾನ್ ಯಾಕೆ? ಗುಡ್ಡ ಮೇಲಿದೆ, ಕಾಲು ಕೆಳಗಿದೆ. ಇಷ್ಟು ಸಾಲದೇ?

“ಅಂಕಲ್! ಅರೆ ಅಂಕಲ್, ಪ್ಲಾನ್ ಕೇಳ್ಕೊಂಡು ಹೋಗಿ!”

“ನೀ ಅವರಿಗೆ ಹೇಳವ್ವ, ಏರಲಾರದವರಿಗೆ!” ಎಂದು ತಿರುಗಿ ಕೂಡ ನೋಡದೆ ಕೂಗಿದರು.

ಮೊದಲ ತಿರುವಿನಲ್ಲೇ ಉಸಿರು ಶಿಳ್ಳೆ ಹಾಕತೊಡಗಿತು. ಎರಡನೆಯ ತಿರುವಿನಲ್ಲಿ ಒಂದು ಕಲ್ಲಿನ ಮೇಲೆ ಕೂರಲು ಹೋಗಿ, ಕೂತ ವೇಗದ ಎರಡರಷ್ಟು ವೇಗದಲ್ಲಿ ಎದ್ದರು. ಏಳುವ ಭರದಲ್ಲಿ ಹಿಂದಿನ ಜಾಲಿಮುಳ್ಳು ಪ್ಯಾಂಟನ್ನು ಹಿಡಿದುಕೊಂಡಿತು, ಇವರು ಎಳೆದರು, ಅದು ಬಿಡಲಿಲ್ಲ. ಪರ್ರ್ ಎಂಬ ಸದ್ದು ಕೆಳಗಿನವರಿಗೂ ಕೇಳಿಸಿತು. ಬೂದೆಪ್ಪ ಕೊರಳಿನ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು, ಮೊದಲಿನಿಂದಲೂ ಅದನ್ನು ಹಾಗೆಯೇ ಉಡುವುದೆಂದು ಯೋಚಿಸಿದವರಂತೆ ಮುಂದೆ ನಡೆದರು.

ಹಿಂದಿನಿಂದ ಬಂದು ಸೇರಿದ ಸುಭದ್ರಾ ಕೊಡೆಯ ಕೆಳಗಿನಿಂದ ಮರುಗಿದರು. “ಬೂದೆಪ್ಪನೋರೇ, ಮುಖವೆಲ್ಲ ಕೆಂಪಗಾಗಿದೆಯಲ್ಲಾ. ಸ್ವಲ್ಪ ಕೂತ್ಕೊಳ್ಳಿ. ಹಟ ಯಾಕೆ?”

“ಅದು ಹಟ ಅಲ್ರಿ ಅಕ್ಕಾರ, ಬಣ್ಣ. ಕಲ್ಲಿಂದು ಹೊಡದೈತಿ.”

ಬಾಯಾರಿಕೆಗೆಂದು ಬೂದೆಪ್ಪ ತಮ್ಮ ಹೆಗಲ ಚೀಲದಲ್ಲಿ ಸೋಡಾ ಬಾಟಲಿಯೊಂದರಲ್ಲಿ ಮಜ್ಜಿಗೆ ತುಂಬಿ ತಂದಿದ್ದರು. ಮುಂಜಾನೆಯಿಂದ ಕುಲುಕಿ ಕುಲುಕಿ, ಬಿಸಿಲಿಗೆ ಹುಳಿತು, ಅದು ಒಳಗೇ ಕುದಿಯುತ್ತಿತ್ತು. ಮುಚ್ಚಳ ತಿರುವಿದ್ದೇ ತಡ, ಅರ್ಧ ಮಜ್ಜಿಗೆ ಅವರ ಮೀಸೆಗೂ ಉಳಿದರ್ಧ ಚಂದ್ರಹಾಸರ ಕ್ಯಾಮೆರಾಕ್ಕೂ ಹೋಯಿತು. ಕರಿಬೇವಿನ ಎಲೆಯೊಂದು ಬೂದೆಪ್ಪನವರ ಕನ್ನಡಕದ ಮೇಲೆ ಕೂತಿತು.

“ಎಂತದು ಮಾರಾಯ್ರೆ ಇದು! ಲೆನ್ಸು ಹೋಯ್ತಲ್ಲ!” ಚಂದ್ರಹಾಸ ಕಿರುಚಿದರು.

“ಚಾರಣಕ್ಕ ಬಂದೀರೋ, ಮದುವಿ ಫೋಟೊ ತೆಗಿಯಾಕ ಬಂದೀರೋ?” ಎಂದು ಬೂದೆಪ್ಪ ಎಲೆಯನ್ನು ತೆಗೆದು ತಿಂದರು. ಅವರ ಪಾಲಿಗೆ ಉಳಿದದ್ದು ಅದೊಂದೇ.

ಗುಡ್ಡದ ಅರ್ಧದಲ್ಲಿ ಒಂದು ಸಮತಟ್ಟು ಜಾಗ, ಅಲ್ಲಿ ದೊಡ್ಡ ಹುಣಸೆಮರ. ಬಳಗವೆಲ್ಲ ತೇಕುತ್ತ ಬಂದು ಅದರ ನೆರಳಿಗೆ ಬಿದ್ದುಕೊಂಡಿತು. ರಾಮಕೃಷ್ಣ ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದು “ನರ ಹಿಡೀತು, ನರ ಹಿಡೀತು” ಎಂದು ಒರಲುತ್ತಿದ್ದರು. ಚಂದ್ರಹಾಸರ ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಮಕ್ಕಳು ಅಳುತ್ತಿದ್ದವು. ಮಕ್ಕಳ ಅಪ್ಪಂದಿರೂ ಅಳುವ ಹಾಗಿದ್ದರು. ಈ ದೃಶ್ಯ ಕಂಡದ್ದೇ ಬೂದೆಪ್ಪನವರಿಗೆ ಎಲ್ಲಿಲ್ಲದ ಬಲ ಬಂತು. ನೆರಳಿನ ಅಂಚಿನಲ್ಲಿ ನಿಂತು, ಗೆದ್ದ ಪೈಲವಾನನ ಹಾಗೆ ಸೊಂಟದ ಟವೆಲ್ ಬಿಗಿದರು.

“ಏನ್ರಿ ರಾಮಕೃಷ್ಣರ, ವಯಸ್ಸೋ? ತೂಕೋ?”

ರಾಮಕೃಷ್ಣ ಇನ್ನೊಂದು ಕಾಲನ್ನೂ ಹಿಡಿದುಕೊಂಡರು. ರೇಣುಕಾ ಎದ್ದು ಬಂದು ಗಂಡನ ತೋಳು ಹಿಡಿದರು. “ಅಲ್ಲ, ಒಂದೀಟು ನನ್ನ ಮಾತು ಕೇಳ್ರಿ. ಈಗ ಇಲ್ಲಿಗೆ ಬಸ್ಸು...”

“ಎತ್ತಿದಿ! ಹೆಸರು ಎತ್ತಿದಿ!” ಬೂದೆಪ್ಪ ತೋಳು ಕೊಡವಿದರು. “ಕಟ್ಟಿಕೊಂಡ ಹೇಣ್ತಿನೂ ಅವರ ಪಾರ್ಟಿ ಸೇರಿದಿ ಏನು?”

“ಪಾರ್ಟಿ ಅಲ್ರಿ, ಆ ಹುಡುಗಿ ಮುಂಜಾನೆ ಹೇಳಿದ್ಲು, ಬಸ್ಸು...”

“ಇನ್ನೊಮ್ಮೆ ಅಂದ್ರ ರಾಜೀನಾಮೆ! ನಿನಗೂ ಸೇರಿಸಿ!”

ರೇಣುಕಾ ಕೈಬಿಟ್ಟರು. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಯಾವಾಗ ಸುಮ್ಮನಾಗಬೇಕೆಂದು ಗೊತ್ತಿರುತ್ತದೆ. “ಹಂಗಾದ್ರ ಏರ್ರಿ. ನನ್ನ ಕಾಲಾಗ ಶಕ್ತಿ ಇಲ್ಲ, ನಾ ಅಂತೂ ಹೊಂಟೆ” ಎಂದು ಹೋಗಿ ಸುಭದ್ರಾ ಪಕ್ಕದಲ್ಲಿ ಕೂತರು.

ಹೋಗಲಿ, ಹೆಣ್ಣುಮಗಳು ಇಳಿಯಲಿ, ಅವಳ ಪಾಳಿ ಬಂದಾಗ ನಾನೇ ಕಾದರಾಯಿತು ಎಂದು ಬೂದೆಪ್ಪನವರ ಮನಸ್ಸು ಒಂದು ಗಳಿಗೆ ಮೆದುವಾಯಿತು. ಆಮೇಲೆ ಅವರು ಒಬ್ಬರೇ ಮುಂದೆ ಹೊರಟರು. ನಿರೀಕ್ಷಾ ಫೋನಿನಲ್ಲಿ ಯಾರಿಗೋ ತೆಲುಗಿನಲ್ಲಿ ಗಡಿಬಿಡಿಯಿಂದ ಏನೋ ಹೇಳಿ, ಚೀಲ ಹೆಗಲಿಗೇರಿಸಿ ಇವರ ಹಿಂದೆ ಓಡಿಬಂದಳು.

“ನೀ ಯಾಕ ಬಂದಿ? ಅವರನ್ನ ನೋಡ್ಕೊ ಹೋಗು, ಪಾಪ.”

“ನಾನು ನಡೆಯೋರ ಜೊತೆ ಇರಬೇಕು ಅಂಕಲ್, ಅದು ರೂಲು. ಈಗ ನಡೀತಿರೋದು ನೀವೊಬ್ರೇ.”

“ಗೊತ್ತಿತ್ತು ನನಗ,” ಎಂದರು ಬೂದೆಪ್ಪ. ಇಷ್ಟು ಸವಿಯಾದ ಮಾತನ್ನು ಅವರು ಬಹಳ ದಿನದಿಂದ ಕೇಳಿರಲಿಲ್ಲ.

ಅಲ್ಲಿಂದ ಮೇಲಿನ ಹಾದಿ ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಸಾಗುತ್ತದೆ. ಎರಡೂ ಕಡೆ ಕಲ್ಲು, ನೆತ್ತಿಯ ಮೇಲೆ ಬಿಸಿಲು, ನೋಟ ಎಂಬುದು ಎಲ್ಲೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಬೂದೆಪ್ಪ ತಿರುಗಿ ನೋಡಿದರು. ಹಿಂದೆ ಹಾದಿ ಖಾಲಿ. ಒಬ್ಬರ ತಲೆಯೂ ಕಾಣಲಿಲ್ಲ.

“ಎಲ್ಲಾರೂ ಇಳದರೇನು?”

“ಇಲ್ಲ ಅಂಕಲ್, ಅವ್ರೂ ಬರ್ತಾರೆ. ಅಲ್ಲಿಂದ ಬ...”

“ಬ ಅನ್ನಬ್ಯಾಡ!”

“ಅರೆ, ನಾನು ಬರೀ...”

“ಮತ್ತ ಬ! ಹುಣಸಿಮರದ ಕೆಳಗ ನಾ ಏನ್ ಅಂದೆ, ಕೇಳಿಲ್ಲೇನು?”

ನಿರೀಕ್ಷಾ ಬಾಯಿ ಮುಚ್ಚಿಕೊಂಡಳು. ಆಫೀಸಿನಲ್ಲಿ ಮೇಲಿನವರೊಂದಿಗೆ ವ್ಯವಹರಿಸಿ ಅವಳಿಗೆ ಇದು ಅಭ್ಯಾಸವಾಗಿತ್ತು.

ಆಗ ಬಲಗಾಲಿನ ಬೂಟು ಬಾಯಿ ತೆರೆಯಿತು. ಬಿಸಿಲಿಗೆ ಅಂಟು ಕರಗಿ, ಅಟ್ಟೆ ಹಿಮ್ಮಡಿಯ ತನಕ ಬಿಟ್ಟುಕೊಂಡು ಪ್ರತಿ ಹೆಜ್ಜೆಗೂ ಪಟಾರ್ ಎಂದು ಹೊಡೆಯತೊಡಗಿತು. ನಿರೀಕ್ಷಾ ತನ್ನ ಚೀಲದ ಹಗ್ಗ ಬಿಚ್ಚಿ ಕಟ್ಟಿಕೊಟ್ಟಳು. ಸ್ವಲ್ಪ ದೂರಕ್ಕೆ ಎಡಗಾಲಿನದೂ ಅಣ್ಣನ ದಾರಿ ಹಿಡಿಯಿತು. ಅದಕ್ಕೆ ಕಟ್ಟಲು ಏನೂ ಉಳಿದಿರಲಿಲ್ಲ, ಬೂದೆಪ್ಪ ಕಿಸೆಯ ಕರವಸ್ತ್ರವನ್ನೇ ಬಿಗಿದರು. ಹರಿದ ಪ್ಯಾಂಟು, ಉಟ್ಟ ಟವೆಲ್ಲು, ಮೀಸೆಯಲ್ಲಿ ಒಣಗಿದ ಮಜ್ಜಿಗೆ, ಕಾಲಲ್ಲಿ ಗಂಟು. ಈ ಸ್ಥಿತಿಯಲ್ಲಿ ಅವರು ಒಂದು ಬಂಡೆಗೊರಗಿ ನಿಂತರು. ನಿಂತವರು ಹಾಗೇ ಕುಸಿದು ಕೂತರು.

ಕಣ್ಣಿಗೆ ಕತ್ತಲೆ ಬಂದಂತಾಯಿತು. ಸಾಕು ಎನ್ನಿಸಿತು. ಅಷ್ಟಕ್ಕೂ ಸಾಮಾನು ಕಾಯುವುದರಲ್ಲಿ ಏನು ಕಷ್ಟವಿತ್ತು? ನೆರಳಿತ್ತು, ಕೂರಲು ಮೆತ್ತಗಿನ ಗಂಟುಗಳಿದ್ದವು, ಯಾರಾದರೂ ಬಂದು ಕಡಲೆಕಾಯಿ ಕೊಟ್ಟು ಹೋಗುತ್ತಿದ್ದರು. ಎಲ್ಲ ಊರುಗಳನ್ನೂ ಜನ ತಾವು ನೋಡಿ ಬಂದು ಅವರಿಗೆ ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರು ತಲೆಯಾಡಿಸಿ, “ಹೌದೇನ್ರಿ, ಅಷ್ಟು ಚಂದ ಐತೇನ್ರಿ” ಎನ್ನುತ್ತಿದ್ದರು. ಆ ಮಾತು ನೆನಪಾದದ್ದೇ ಬೂದೆಪ್ಪ ಒರಗಿದ ಬಂಡೆ ಬಿಟ್ಟು ನೆಟ್ಟಗಾದರು. ಅಜಂತಾದ ಗುಹೆಯಿಂದ ರಾಮಕೃಷ್ಣ ಹೊರಬಂದು ಆ ಕಮಲದ ಹುಡುಗನ ಬಗ್ಗೆ ಆ ಮೆತ್ತಗಿನ ದನಿಯಲ್ಲಿ ವಿವರಿಸುವುದು, ತಾನು ಚೀಲಗಳ ನಡುವೆ ಕೂತು ತಲೆಯಾಡಿಸುವುದು! ಥೂ, ಅದಕ್ಕಿಂತ ಈ ಗುಟ್ಟದ ಮೇಲೆ ಸುಟ್ಟು ಕರಕಲಾದರೂ ಲೇಸು.

“ಏಳವ್ವ, ಹೊತ್ತಾತು,” ಎಂದರು. ನಿರೀಕ್ಷಾ ನಿಂತೇ ಇದ್ದಳು.

ಎಲ್ಲಿಂದಲೋ ಪೋಂಯ್ ಪೋಂಯ್ ಎಂದು ಹಾರನ್ ಕೇಳಿಸಿತು. ಬಂಡೆಗಳ ನಡುವೆ ಸದ್ದು ಸುತ್ತಿ ಸುತ್ತಿ ಬಂದು ಯಾವ ಕಡೆಯದೆಂದು ತಿಳಿಯುವಂತಿರಲಿಲ್ಲ. ಬುಡದಲ್ಲಿ ಕೂತವರು ತನ್ನನ್ನು ಕೆಳಗೆ ಕರೆಯುತ್ತಿದ್ದಾರೆಂದು ಬೂದೆಪ್ಪನವರಿಗೆ ಖಾತ್ರಿಯಾಯಿತು.

“ಕರೀಲಿ ಬಿಡು! ಹೊಟ್ಟಿ ಹಸದಿರಬೇಕು ಮಂದಿಗೆ. ನಾ ತುದಿ ಮುಟ್ಟಿ, ನೋಡಿ, ಕುಂತು, ಸುಧಾರಿಸಿಕೊಂಡು ಇಳಿಯಾವ. ಕಾಯ್ಲಿ. ಕಾಯೋದು ಅಂದ್ರ ಏನಂತ ಅವರಿಗೂ ಒಂದಿನ ತಿಳೀಲಿ!”

ಕಡೆಯ ಏರು ಕೈಯೂರಿ ಹತ್ತುವಂಥದ್ದು. ನಿರೀಕ್ಷಾ ಹಿಂದಿನಿಂದ ದೂಡಿದಳು. ಬೂದೆಪ್ಪ ಹುಲ್ಲು ಹಿಡಿದು, ಬೇರು ಹಿಡಿದು, ಹಲ್ಲು ಕಚ್ಚಿ ಒಂದು ಮೊಣಕಾಲನ್ನು ಅಂಚಿಗೆ ಇಟ್ಟರು. ಇನ್ನೊಂದು ಮೊಣಕಾಲೂ ಬಂತು. ಅಂಬೆಗಾಲಿನಲ್ಲೇ ತುದಿ ಮುಟ್ಟಿ, ಎದ್ದು ನಿಂತು, ಆಕಾಶಕ್ಕೆ ಎರಡೂ ಕೈ ಎತ್ತಿ, “ಗೆದ್ದೆ!” ಎಂದು ಕೂಗಿದರು.

ಚಪ್ಪಾಳೆ ಬಿತ್ತು.

ಬೂದೆಪ್ಪ ಕೈ ಇಳಿಸದೆ ಕಣ್ಣಷ್ಟೇ ಇಳಿಸಿ ನೋಡಿದರು. ಎದುರಿಗೆ ಹೊಲದಂಥ ಚಪ್ಪಟೆ ನೆಲ. ಅದರ ನಡುವೆ ನೀಟಾಗಿ ಹಾಸಿದ ಡಾಂಬರು ರಸ್ತೆ. ರಸ್ತೆಯ ಕೊನೆಗೆ ಬೇವಿನ ಮರ, ಮರದ ಕೆಳಗೆ ಬಳಗದ ಬಸ್ಸು. ಬಸ್ಸಿನ ನೆರಳಲ್ಲಿ ಜಮಖಾನೆ ಹಾಸಿ ಇಡೀ ಬಳಗ ಕೂತು ಊಟ ಮುಗಿಸುತ್ತಿತ್ತು. ಡ್ರೈವರ್ ನರ್ಸಿಂಲು ಟೈರಿಗೊರಗಿ ಬೀಡಿ ಹಚ್ಚಿದ್ದ. ರಾಮಕೃಷ್ಣ ತಲೆ ಬಾಚಿ, ಮುಖ ತೊಳೆದು, ಕಡ್ಡಿಯಿಂದ ಹಲ್ಲು ಶುಚಿ ಮಾಡಿಕೊಳ್ಳುತ್ತಿದ್ದರು. ಎಲ್ಲರ ನಡುವೆ ಗಂಗಾಬಾಯಿ ಕಾಲು ಚಾಚಿ ಮೊಸರನ್ನ ಉಣ್ಣುತ್ತಿದ್ದರು.

“ಬಂದ್ರೇನ್ರಿ ಅಳಿಯಂದ್ರ,” ಮುದುಕಿ ಕರೆದರು. “ಅಲ್ಲಿ ಹೋಗಿ ನೋಡಿಬಂದೆ ನೋಡ್ರಿ, ಏನ್ ನೋಟ ರಿ ಅದು! ಸ್ವರ್ಗ ಸುಳ್ಳು. ಎಲ್ಲಾರಕಿಂತ ಮೊದಲು ನಾನs ನೋಡಿದೆ.”

ಬೂದೆಪ್ಪನವರ ಕೈ ಈಗ ತಾನಾಗಿಯೇ ಇಳಿಯಿತು. “ಈ ಬಸ್ಸು...” ಎಂದು ಮುಂಜಾನೆಯಿಂದ ಮೊದಲ ಬಾರಿಗೆ ಆ ಹೆಸರನ್ನು ಅವರೇ ಎತ್ತಿದರು.

“ಅದನ್ನೇ ಅಲ್ವಾ ಅಂಕಲ್ ನಾನು ಪೂರಾ ದಾರಿ ಹೇಳಕ್ಕೆ ನೋಡಿದ್ದು,” ಎಂದಳು ನಿರೀಕ್ಷಾ. “ಈ ಗುಟ್ಟ ಒಂದು ಕಡೆಯಷ್ಟೇ ಕಡಿದು. ಆ ಕಡೆಯಿಂದ ಪೂರಾ ರೋಡ್ ಇದೆ, ಹುಣಸೆಮರದ ಹಿಂದಿಂದ ಹಾದು ಬರುತ್ತೆ. ಬಸ್ಸು ಹುಣಸೆಮರಕ್ಕೆ ಬಂದು ಸುಸ್ತಾದವರನ್ನ ಹತ್ತಿಸ್ಕೊಂಡು ಮೇಲೆ ಬರುತ್ತೆ. ಊಟ ಮೇಲೇ. ಅದಕ್ಕೇ ಇದು ಫ್ಯಾಮಿಲಿ ಟ್ರಿಪ್ಪು.”

ಅಂದರೆ ಆ ಸಾಲಿನಲ್ಲಿ ಬರೆದ ಹಾಗೆ ಬೂದೆಪ್ಪ ಬಸ್ಸಿನಲ್ಲಿ ಬುತ್ತಿಯ ಪಕ್ಕ ಕೂತಿದ್ದರೆ, ಈ ಹೊತ್ತಿಗೆ ಎಲ್ಲರಿಗಿಂತ ಮೊದಲು ತುದಿ ಮುಟ್ಟಿ, ನೋಟ ನೋಡಿ, ಮೊಸರನ್ನ ಉಂಡು ಒಂದು ನಿದ್ದೆಯನ್ನೂ ಮುಗಿಸುತ್ತಿದ್ದರು. ಇದು ಅವರಿಗೂ ಹೊಳೆಯಿತು. ಹೊಳೆದದ್ದು ಮುಖದಲ್ಲಿ ಕಾಣದಂತೆ ಮೀಸೆ ಒರೆಸಿಕೊಂಡರು.

ಚಂದ್ರಹಾಸರಿಗೆ ಕ್ಯಾಮೆರಾದ ಮಜ್ಜಿಗೆ ಇನ್ನೂ ಮರೆತಿರಲಿಲ್ಲ. “ಹೇಗೆ ಮುಟ್ಟಿದರೂ ಆಗ್ತದೆ ಅಂತ ಹೇಳಿದ್ರಲ್ಲ ಮಾರಾಯ್ರೆ? ನಾವು ಕತ್ತೆ ಮೇಲೆ ಬರ್ಲಿಲ್ಲ, ಬಸ್ಸಿನಲ್ಲಿ ಬಂದ್ವಿ. ಈಗ ಕಡೆಗೆ ಬಂದದ್ದು ಯಾರು?”

ಜಮಖಾನೆಯ ಮೇಲೆ ನಗೆ ಉಕ್ಕಿತು. ಸುಭದ್ರಾ ಎಲ್ಲರನ್ನೂ ಗದರಿದರು. “ಸುಮ್ನಿರಿ, ಪಾಪ! ಅವ್ರೊಬ್ರೇ ಕಾಲಲ್ಲಿ ನಡೆದು ಬಂದಿದ್ದಾರೆ. ನೋಡಿ ಹೇಗಾಗಿದ್ದಾರೆ. ಪಂದ್ಯನೂ ಬೇಡ ಗಿಂದ್ಯನೂ ಬೇಡ.”

ರಾಮಕೃಷ್ಣ ಹಲ್ಲುಕಡ್ಡಿ ಎಸೆದು ಎದ್ದು ನಿಂತರು. ಅವರಿಗೆ ನಿಜವಾಗಿಯೂ ಮನಸ್ಸು ಕರಗಿತ್ತು. “ಹೌದು. ಬೂದೆಪ್ಪನವ್ರೇ, ನಿಮ್ಮ ಛಲಕ್ಕೆ ಕೈ ಮುಗಿದೆ. ಇಷ್ಟು ದಿನ ನಿಮ್ಮನ್ನೇ ಕೂರಿಸಿದ್ದು ತಪ್ಪು. ಇನ್ನು ಮೇಲೆ ಸರದಿ ಪ್ರಕಾರ ಎಲ್ಲರೂ ಕಾಯೋಣ. ಅಜಂತಾದಲ್ಲಿ ಮೊದಲನೇ ಸರದಿ ನಂದೇ, ನೀವು ಮೊದಲು ಒಳಗೆ ಹೋಗಿ. ನೀವು ಸೋತಿದ್ದನ್ನ ಬಳಗದ ಪರವಾಗಿ ಮನ್ನಾ ಮಾಡಿದ್ದೀವಿ.”

ಬೂದೆಪ್ಪನವರಿಗೆ ಬೇಕಿದ್ದುದು ಇಷ್ಟೇ. ಬೇಕಿದ್ದುದಕ್ಕಿಂತ ಹೆಚ್ಚೇ ಸಿಕ್ಕಿತ್ತು. ರೇಣುಕಾ ದೂರದಿಂದಲೇ ಕಣ್ಣಿನಲ್ಲಿ ‘ಹೂಂ ಅನ್ರಿ, ಹೂಂ ಅನ್ರಿ’ ಎಂದು ಸನ್ನೆ ಮಾಡುತ್ತಿದ್ದರು. ಅವರೂ ಹೂಂ ಅನ್ನಲೆಂದೇ ಬಾಯಿ ತೆರೆದರು. ಆದರೆ ಆ ಮೆತ್ತಗಿನ ದನಿಯ ಕಡೆಯ ಎರಡು ಶಬ್ದ ಕಿವಿಯಲ್ಲಿ ಕೂತುಬಿಟ್ಟಿತ್ತು.

“ಏನಂದ್ರಿ? ಮನ್ನಾ?”

“ಹೌದು, ಮನ್ನಾ. ಬಿಟ್ಟುಬಿಡಿ.”

“ನನಗ ಮನ್ನಾ ಮಾಡಾಕ ನೀವ್ಯಾರ್ರಿ? ಅರ್ಧಕ್ಕ ಕಾಲ ಹಿಡಕೊಂಡು ಮಲಗಿದವರು ನನಗ ಮನ್ನಾ ಮಾಡ್ತೀರಿ?” ಬೂದೆಪ್ಪನವರ ದನಿ ಬೇವಿನ ಮರದ ಕಾಗೆಗಳನ್ನು ಎಬ್ಬಿಸಿತು. “ನಾ ಏನ್ ಅಂದೀನಿ? ಹೆಂಗರ ಮುಟ್ರಿ ಅಂದೀನಿ. ಮುಟ್ಟೀರಿ. ಕಡೀಕ ಬಂದವ ಕಾಯಬೇಕು ಅಂದೀನಿ. ಕಡೀಕ ಬಂದಾವ ನಾ. ಮಾತು ಅಂದ್ರ ಮಾತು. ನಿಮ್ಮ ದಯಾ ಧರ್ಮ ನನಗ ಬ್ಯಾಡ!”

“ಅಯ್ಯೋ, ನಿಮಗೆ ಒಳ್ಳೇದಾಗ್ಲಿ ಅಂತ...”

“ಒಳ್ಳೇದೂ ಬ್ಯಾಡ! ಅಜಂತಾದಾಗೂ ನಾನs ಕಾಯಾವ, ಎಲ್ಲೋರಾದಾಗೂ ನಾನs ಕಾಯಾವ. ಯಾರರ ಅಡ್ಡ ಬಂದ್ರ ರಾಜೀನಾಮೆ! ಇಡ್ರಿ ಚೀಲ ಇಲ್ಲೆ!”

ರೇಣುಕಾ ಹಣೆ ಹಣೆ ಬಡಿದುಕೊಂಡರು. ಬೂದೆಪ್ಪ ಧಡಲ್ ಪಟಾರ್ ಎಂದು ಬೂಟು ಎಳೆಯುತ್ತ ಬಂದು, ಜಮಖಾನೆಯ ಮೇಲೆ ಬುತ್ತಿಯ ಡಬ್ಬಿಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಚಂದ್ರಹಾಸ ಮೆಲ್ಲಗೆ ಕೋಲು ತಂದಿಟ್ಟರು. ಆಮೇಲೆ ಒಂದು ನೀರಿನ ಚೀಲ ಬಂತು. ಆಮೇಲೆ ಸುಭದ್ರಾ ಕೊಡೆ, ಮಕ್ಕಳ ಬೂಟು, ರಾಮಕೃಷ್ಣರ ಸ್ವೆಟರು. ಈ ಬಿಸಿಲಿಗೆ ಸ್ವೆಟರು ತಂದ ಮನುಷ್ಯನಿಗೆ ತಾನು ಸೋತೆನಲ್ಲ ಎಂದು ಬೂದೆಪ್ಪನವರಿಗೆ ನಿಜಕ್ಕೂ ಅಳು ಬಂತು. ಅಳಲಿಲ್ಲ.

ಗುಡ್ಡದ ಅಂಚು ಬೇವಿನ ಮರದಿಂದ ಕೂಗಳತೆಯಲ್ಲಿತ್ತು, ನಡುವೆ ಬಂಡೆಗಳ ಸಾಲು. ಬಳಗವೆಲ್ಲ ಇನ್ನೊಮ್ಮೆ ನೋಟ ನೋಡಲು ಆ ಕಡೆ ಹೋಯಿತು. ಅಲ್ಲಿಂದ “ಆಹಾ” ಎನ್ನುವುದು, “ಆ ಕೆರೆ ನೋಡ್ರಿ” ಎನ್ನುವುದು ಕೇಳಿಸುತ್ತಿತ್ತು. ನಿರೀಕ್ಷಾ ಒಬ್ಬಳೇ ತಿರುಗಿ ಬಂದಳು.

“ಅಂಕಲ್, ಐದು ನಿಮಿಷ ನಾನು ಕೂತ್ಕೋತೀನಿ. ನೀವು ಹೋಗಿ ನೋಡ್ಕೊಂಡು ಬನ್ನಿ. ಯಾರಿಗೂ ಹೇಳಲ್ಲ, ಪ್ರಾಮಿಸ್.”

ಬೂದೆಪ್ಪ ಬಂಡೆಗಳ ಕಡೆ ನೋಡಿದರು. ಏಳಲು ಕೈಯೂರಿದರು ಕೂಡ. ಕಾಲು ಏಳಲಿಲ್ಲ. ಎರಡೂ ತೊಡೆ ಮರದ ತುಂಡಿನಂತೆ ಬಿಗಿದುಕೊಂಡಿದ್ದವು.

“ಬ್ಯಾಡವ್ವ,” ಎಂದರು ಗತ್ತಿನಿಂದ. “ಕಾಯಾವ ಎದ್ದು ಹೋಗಬಾರದು. ನೀ ನೋಡು ಹೋಗು.”

ಅವಳು ಹೋದ ಮೇಲೆ ರಸ್ತೆಯಲ್ಲಿ ಕಾರೊಂದು ಬಂದು ನಿಂತಿತು. ಹೈದರಾಬಾದಿನ ಹಳೆ ಊರಿನ ಕಡೆಯ ತುಂಬಿದ ಸಂಸಾರ. ಇಳಿದವರೇ ಗುಡ್ಡದ ಅಂಚಿಗೆ ಓಡುವ ಅವಸರದಲ್ಲಿದ್ದರು. ಮನೆಯ ಯಜಮಾನ ಸುತ್ತ ನೋಡಿದ, ಬೇವಿನ ಕೆಳಗೆ ಗಂಟುಗಳ ನಡುವೆ ಗಂಭೀರವಾಗಿ ಕೂತ ಬೂದೆಪ್ಪನವರನ್ನು ಕಂಡ, ನಿಶ್ಚಿಂತನಾದ.

“ಚಚಾ, ಜರಾ ಸಾಮಾನ್ ಪೆ ನಜರ್ ರಖೋ. ಅಬ್ಬೀಚ್ ಆತೇ,” ಎಂದು ತನ್ನ ದಖನಿಯಲ್ಲಿ ಸಾಮಾನಿನ ಕಾವಲು ಒಪ್ಪಿಸಿ, ಬಿರಿಯಾನಿಯ ದೊಡ್ಡ ಡಬ್ಬಿಯನ್ನು, ಎರಡು ಕೈಚೀಲವನ್ನು ಜಮಖಾನೆಯ ಅಂಚಿನಾಚೆ ಬಿಸಿಲಿಗೆ ಇಟ್ಟ.

ಬೂದೆಪ್ಪನವರ ಮೀಸೆ ನಿಮಿರಿತು. ಆ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ಸುಡುವಂತೆ ನೋಡಿದರು. ಆಮೇಲೆ ಡಬ್ಬಿಯನ್ನು ನೋಡಿದರು.

“ಅರೆ, ಧೂಪ್ ಮೇ ನಕ್ಕೋ! ಖರಾಬ್ ಹೋತಾ ಖಾನಾ!” ಎಂದು ಬಿಸಿಲಿಗೆ ಊಟ ಕೆಡುವುದರ ಬಗ್ಗೆ ಅವನದೇ ಮಾತಿನಲ್ಲಿ ಗದರಿ, ಬಿಗಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಮಡಚಿಕೊಂಡು, ನೆರಳಿನಲ್ಲಿ ಡಬ್ಬಿಗೆ ಜಾಗ ಮಾಡಿಕೊಟ್ಟರು.